ಕಡತ ಉಳಿಯುವುದು ಪ್ರತಿಯಲ್ಲಿ

ಫೈಲು ಎಂಬುದಕ್ಕೆ ಕನ್ನಡದಲ್ಲಿ ‘ಕಡತ’ ಎನ್ನುವ ಮಾತಿದೆ. ಇದು ಕಚೇರಿಯಲ್ಲಿ ಹುಟ್ಟಿದ ಪದವೆಂದು ಅನೇಕರ ಎಣಿಕೆ. ಹಾಗಲ್ಲ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಕಪ್ಪು ಪುಸ್ತಕವೇ ಹಿಂದಿನ ಕಡತ. ಶಾನುಭೋಗರೂ ವ್ಯಾಪಾರಿಗಳೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒರಸಿ ಮತ್ತೆ ಬರೆಯಬಹುದಿತ್ತು. ಕಂಪ್ಯೂಟರಿನ ಹಾರ್ಡ್ ಡಿಸ್ಕಿನ ಗುಣವೂ ಇದೇ. ಆಪತ್ತೂ ಇದೇ: ಒರಸಿಹೋದರೆ ಹೋಯಿತು.

ಬರೆದದ್ದನ್ನು ಉಳಿಸಿಕೊಳ್ಳುವ ಚಿಂತೆ ಈ ಕರಾವಳಿಗೆ ಹೊಸದಲ್ಲ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿ ಒಂದು ಕಾಲಕ್ಕೆ ಸಂಗೀತಪುರವೆಂಬ ಹೆಸರಿನ ಜೈನ ವಿದ್ಯಾಕೇಂದ್ರ. ಅಲ್ಲಿನ ಮಠದ ಶಿಷ್ಯ ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಬರೆದ. 592 ಸೂತ್ರಗಳ ಕನ್ನಡ ವ್ಯಾಕರಣವದು. ಮಠದ ವೈಭವ ಹೋಯಿತು. ಗ್ರಂಥ ಮಾತ್ರ ಪ್ರತಿಯಿಂದ ಪ್ರತಿಗೆ ದಾಟಿ ಬಂದು 1890ರಲ್ಲಿ ಬಿ.ಎಲ್. ರೈಸ್ ಅವರ ಕೈಯಲ್ಲಿ ಅಚ್ಚಾಯಿತು. ಓಲೆಗರಿಯ ಆಯುಷ್ಯ ಈ ಹಸಿ ಹವೆಯಲ್ಲಿ ಎಷ್ಟೆಂದು ಲಿಪಿಕಾರರಿಗೆ ಗೊತ್ತಿತ್ತು. ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖರ ಕೈಗೆ ಕೊಡಬೇಡಿ ಎಂದು ಗ್ರಂಥದ ಕೊನೆಯಲ್ಲಿ ಬೇಡಿಕೊಳ್ಳುವ ರೂಢಿಯೇ ಇತ್ತು.

ಇದಕ್ಕೆ ವಿರುದ್ಧವಾದ ಕಥೆ ಮೂಡುಬಿದಿರೆಯದು. ಧವಲ, ಜಯಧವಲ, ಮಹಾಧವಲ ಎಂಬ ಜೈನ ಸಿದ್ಧಾಂತ ಗ್ರಂಥಗಳ ಹಳೆಯ ಓಲೆಗಳು ಶತಮಾನಗಳ ಕಾಲ ಅಲ್ಲಿನ ಬಸದಿಯಲ್ಲೇ ಇದ್ದವು. ಒಂದಕ್ಕಿಂತ ಹೆಚ್ಚು ಪ್ರತಿಯಿದ್ದರೂ ಎಲ್ಲವೂ ಒಂದೇ ಊರಿನಲ್ಲಿ! ಭಕ್ತರಿಗೆ ಅವುಗಳ ದರ್ಶನವಾಗುತ್ತಿತ್ತು, ಓದು ಆಗುತ್ತಿರಲಿಲ್ಲ. 19ನೇ ಶತಮಾನದ ಕೊನೆಗೆ ಆರಂಭವಾದ ಪ್ರತಿ ಮಾಡುವ ಕೆಲಸ ಮುಗಿಯಲು ಕಾಲು ಶತಮಾನ ಹಿಡಿಯಿತು. ಹೀರಾಲಾಲ್ ಜೈನ್ ಸಂಪಾದಿಸಿದ ಧವಲದ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಮಹಾಧವಲದ ಕೆಲವು ಗರಿಗಳು ಕೈತಪ್ಪಿದ್ದವು. ಅವುಗಳಲ್ಲಿ ಏನಿತ್ತೆಂದು ಇಂದು ಯಾರೂ ಹೇಳಲಾರರು.

ಈಗ ಮನೆಯ ಮೇಜಿನ ಮೇಲಿರುವ ಪೆಟ್ಟಿಗೆಗೆ ಬರೋಣ. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ, ಇಂದಿನ ಮೊಬೈಲಿನ ಒಂದೆರಡು ಫೋಟೊಗಳಷ್ಟು. ತತ್ವ ಇಂದಿಗೂ ಬದಲಾಗಿಲ್ಲ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ತಾಗದಂತೆ ತೇಲುತ್ತದೆ. ನಡುವಿನ ಅಂತರ ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲೂ ಅಲ್ಲ. ಮೂರರಿಂದ ಐದು ವರ್ಷ ದುಡಿದ ಡಿಸ್ಕನ್ನು ಮುದುಕನೆಂದೇ ಎಣಿಸಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ, ಆಷಾಢದಲ್ಲಿ ಕರೆಂಟು ಕಣ್ಣುಮುಚ್ಚಾಲೆಯಾಡುವ ಈ ಮೂರು ತಾಲ್ಲೂಕುಗಳಲ್ಲಿ ಇನ್ನಷ್ಟು ಎಚ್ಚರ ಬೇಕು.

ಕಟಕಟ ಸದ್ದು, ಫೈಲು ತೆರೆಯಲು ವಿಳಂಬ, ಹೆಸರುಗಳು ಚೆಲ್ಲಾಪಿಲ್ಲಿಯಾಗುವುದು ಕೆಡುವ ಸೂಚನೆಗಳು. ಆದರೆ ಸೂಚನೆಗಾಗಿ ಕಾಯುವುದು ಜಾಣತನವಲ್ಲ. ಗೂಗಲ್ ಸಂಶೋಧಕರು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಡಿಸ್ಕು ತನ್ನ ಆರೋಗ್ಯವನ್ನು ತಾನೇ ಲೆಕ್ಕವಿಡುವ ವ್ಯವಸ್ಥೆಯಿದ್ದರೂ, ಕೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅದರ ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ.

ಸದ್ದು ಕೇಳಿದ ಕೂಡಲೇ ಜನ ರಿಪೇರಿಗೆ ಕೈಹಾಕುತ್ತಾರೆ. ಡಿಸ್ಕನ್ನು ತಪಾಸಣೆ ಮಾಡಿ ಸರಿಪಡಿಸುವ ಪ್ರೋಗ್ರಾಂ ಓಡಿಸುತ್ತಾರೆ. ಏದುಸಿರು ಬಿಡುವವನನ್ನು ಘಟ್ಟ ಹತ್ತಿಸಿದಂತೆ ಇದು. ಮೊದಲು ಪ್ರತಿ, ರಿಪೇರಿ ಆಮೇಲೆ. ಅದರಲ್ಲೂ ಯಾವುದರ ಪ್ರತಿ ಮೊದಲು ಎಂಬುದು ಮುಖ್ಯ. ಪಹಣಿ ಮತ್ತೆ ಸಿಗುತ್ತದೆ. ಸರ್ಕಾರದ ‘ಭೂಮಿ’ ಕಂಪ್ಯೂಟರಿನಲ್ಲಿದೆ. ಸಿನಿಮಾ ಮತ್ತೆ ಸಿಗುತ್ತದೆ. ಮತ್ತೆ ಸಿಗದಿರುವುದು ಬೇರೆಯೇ. ಕೆರೆಮನೆ ಶಂಭು ಹೆಗಡೆ 2009ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆ 2017ರಲ್ಲಿ ತೀರಿಕೊಂಡರು. ಊರ ಬಯಲಿನಲ್ಲಿ ಅವರು ಕುಣಿದ ಆಟವನ್ನು ಯಾರೋ ಕ್ಯಾಸೆಟ್ಟಿಗೆ ಹಿಡಿದಿದ್ದು, ಅದನ್ನು ಡಿಸ್ಕಿಗೆ ಇಳಿಸಿ ಬೂಸ್ಟು ಹಿಡಿದ ಕ್ಯಾಸೆಟ್ಟನ್ನು ಎಸೆದಿದ್ದರೆ, ಆ ರಾತ್ರಿ ಉಳಿದಿರುವುದು ಆ ಒಂದು ಪೆಟ್ಟಿಗೆಯಲ್ಲಿ ಮಾತ್ರ. ಅಜ್ಜಿ ಹೇಳಿದ ಶೋಭಾನೆ ಪದ, ನವಾಯತಿ ಮಾತಿನಲ್ಲಿ ಹಿರಿಯರು ಹೇಳಿದ ಮನೆತನದ ಕಥೆ, ಇವೂ ಹಾಗೆಯೇ. ಇವು ಮೊದಲ ಸಾಲಿನಲ್ಲಿ ಬರಬೇಕು.

ಸಾಯುತ್ತಿರುವ ಡಿಸ್ಕಿನಿಂದ ಪ್ರತಿ ತೆಗೆಯಲು ‘ಡಿಡಿರೆಸ್ಕ್ಯೂ’ ಎಂಬ ಉಚಿತ ಪ್ರೋಗ್ರಾಂ ಇದೆ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿ, ಕೆಟ್ಟ ಜಾಗವನ್ನು ಕೊನೆಗೆ ಬಿಡುತ್ತದೆ; ಬಲ್ಲವರ ಕೈಯಲ್ಲಿ ಮಾಡಿಸುವುದು ಒಳ್ಳೆಯದು. ಡಿಸ್ಕನ್ನು ಫ್ರಿಜ್ಜಿನಲ್ಲಿಡುವ ಮನೆಮದ್ದು ಬೇಡ, ಒಳಗೆ ತೇವ ಕೂಡುತ್ತದೆ.

ಇನ್ನೊಂದು ಅಭ್ಯಾಸವೂ ಬಿಡಬೇಕಾದದ್ದೇ. ಹೊರಗಿನ ಡಿಸ್ಕಿಗೆ ಹಾಕಿದೆ ಎಂದು ಹೇಳಿ ಕಂಪ್ಯೂಟರಿನಲ್ಲಿರುವುದನ್ನು ಅಳಿಸಿಬಿಡುತ್ತಾರೆ. ಅದು ಬಿಡಾರ ಬದಲಿಸಿದಂತಾಯಿತೇ ಹೊರತು ಪ್ರತಿಯಾಗಲಿಲ್ಲ. ಛಾಯಾಗ್ರಾಹಕ ಪೀಟರ್ ಕ್ರೋ ಹೇಳಿದ ಲೆಕ್ಕ ಸುಲಭ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಶರಾವತಿ, ಅಘನಾಶಿನಿ ದಡದ ಮನೆಗಳಿಗೆ ಆ ‘ಬೇರೆ ಜಾಗ’ ಎಷ್ಟು ಮುಖ್ಯವೆಂದು ನೆರೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಭಟ್ಕಳದವರಿಗಂತೂ ಜಾಗ ಹುಡುಕುವ ಕಷ್ಟವಿಲ್ಲ, ದುಬೈಯಲ್ಲಿರುವ ಅಣ್ಣನ ಮನೆಯಿದೆ. ಕುಮಟಾದ ಹುಡುಗರು ಬೆಂಗಳೂರಿನಲ್ಲಿದ್ದಾರೆ. ರಜೆ ಮುಗಿಸಿ ಹೊರಟವರ ಕೈಚೀಲದಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕ ಒಂದು ಡಿಸ್ಕಿಗೂ ಜಾಗವಾಗುತ್ತದೆ. ಆದರೆ ಕಳಿಸುವ ಮೊದಲು ನಾಲ್ಕಾರು ಫೈಲು ತೆರೆದು, ವಿಡಿಯೊವನ್ನು ನಡುವಿನಿಂದ ಓಡಿಸಿ ನೋಡಬೇಕು. ಕೆಲಸಕ್ಕೆ ಮೇ ತಿಂಗಳು ಸರಿ: ಕಟ್ಟಿಗೆ ಒಳಗಿಡುವ, ಹಪ್ಪಳ ಒಣಗಿಸುವ ಹೊತ್ತಿಗೆ, ಮೊದಲ ಗುಡುಗಿಗೆ ಮುಂಚೆ.