ಜೋಳಿಗೆಯಲ್ಲಿ ಒಂದು ಪತ್ರ

(ಮಠದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಮುಖ್ಯಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಇಂದಿನ ಗೋಷ್ಠಿಯ ವಿಷಯ ದಾಸೋಹ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿ ಕಂಡದ್ದನ್ನು ಹೇಳಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ಅದನ್ನು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಉಳಿದ ಮಾತಿಗೆ ಅರ್ಥವಿಲ್ಲ.

2016ರ ಮಳೆಗಾಲ. ನಾನಾಗ ಒಂದು ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕ. ಬಿಸಿಯೂಟದ ಅಕ್ಕಿ, ಬೇಳೆ ಮೂರು ವಾರ ಬರಲಿಲ್ಲ. ಕಚೇರಿಗೆ ಫೋನು ಮಾಡಿದರೆ 'ನಾಳೆ ಬರುತ್ತದೆ' ಎಂಬ ಉತ್ತರ. ಅಡುಗೆಯ ತಾಯಿ ಖಾಲಿ ಚೀಲ ಕೊಡವಿ ತೋರಿಸಿದ ದಿನವೇ ನಾನು ಮಠಕ್ಕೆ ಬಂದೆ. ಜೋಳಿಗೆ ಹಿಡಿದು ಊರಲ್ಲಿ ತಿರುಗಿದೆವು. ಮಠದಿಂದಲೂ ಭಕ್ತರಿಂದಲೂ ಸೇರಿ ಮೂರು ಕ್ವಿಂಟಲ್ ಅಕ್ಕಿ ಕೂಡಿತು. ನನ್ನ ಶಾಲೆಯ ನೂರನಲವತ್ತು ಮಕ್ಕಳು ಒಂದು ದಿನವೂ ಹಸಿಯಲಿಲ್ಲ. ಆ ವರ್ಷ ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದಿರಿ. ನಾನು ಬೀಗಿದೆ.

ಹಳ್ಳದ ಆಚೆ ನಾಲ್ಕು ಕಿಲೋಮೀಟರ್ ದೂರದ ತಾಂಡಾದಲ್ಲಿ ಇನ್ನೊಂದು ಶಾಲೆ ಇತ್ತು. ಅಲ್ಲಿಗೂ ಅದೇ ಲಾರಿ ಅಕ್ಕಿ ತರಬೇಕಿತ್ತು. ಅವರಿಗೆ ಹತ್ತಿರದಲ್ಲಿ ಮಠವಿರಲಿಲ್ಲ. ಮಧ್ಯಾಹ್ನ ಮನೆಗೆ ಹೋದ ಮಕ್ಕಳು ಮರಳಿ ಬರುತ್ತಿರಲಿಲ್ಲವಂತೆ. ಕೆಲವರನ್ನು ಹೊಲದ ಕೆಲಸಕ್ಕೆ ಕರೆದುಕೊಂಡು ಹೋದರು. ಅಕ್ಕಿ ಬಂದ ಮೇಲೂ ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಬರಲೇ ಇಲ್ಲ. ಇದು ನನಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ, ಆ ಶಾಲೆಯ ಶಿಕ್ಷಕರ ಬಾಯಿಂದ. ಆ ಮೂರು ವಾರದಲ್ಲಿ ಸರ್ಕಾರಕ್ಕೆ ನಾನು ಲಿಖಿತವಾಗಿ ಒಂದು ಸಾಲನ್ನೂ ಬರೆದಿರಲಿಲ್ಲ. ನನ್ನ ಮಕ್ಕಳ ಊಟ ನಡೆದಿತ್ತಲ್ಲ, ಬರೆಯುವ ಅಗತ್ಯವೇ ನನಗೆ ಕಾಣಲಿಲ್ಲ.

ಇನ್ನು ಅಮೆರಿಕದ ಮಾತಿಗೆ ಬರುತ್ತೇನೆ. ಮಗಳ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ತಾಯಿಯೊಬ್ಬರಿದ್ದಾರೆ. ಒಂದು ಭಾನುವಾರ ತಮ್ಮ ಚರ್ಚಿಗೆ ನನ್ನನ್ನೂ ಕರೆದರು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಕಾಣಿಕೆಯ ತಟ್ಟೆ ಬಂತು. ಜನ ಅದರಲ್ಲಿ ಹಣದ ಜೊತೆಗೆ ಲಕೋಟೆಗಳನ್ನೂ ಹಾಕುತ್ತಿದ್ದರು. ಪ್ರತಿ ಲಕೋಟೆಯಲ್ಲೂ ತಮ್ಮ ಸಂಸದರಿಗೆ ಕೈಯಾರೆ ಬರೆದ ಪತ್ರ. 'ಇದು ಪತ್ರಗಳ ಕಾಣಿಕೆ' ಎಂದರು ಆ ತಾಯಿ. ಹಸಿದವರ ಪರವಾಗಿ ಇಂಥ ಕಾನೂನು ಮಾಡಿ, ಇಷ್ಟು ಹಣ ತೆಗೆದಿಡಿ ಎಂದು ಕೇಳುವ ಪತ್ರಗಳು ಅವು.

ಇದನ್ನು ನಡೆಸುವ ಸಂಸ್ಥೆಯ ಹೆಸರು ಬ್ರೆಡ್ ಫಾರ್ ದಿ ವರ್ಲ್ಡ್. ಜಗಕ್ಕೆ ರೊಟ್ಟಿ ಎಂದರ್ಥ. ಆರ್ಥರ್ ಸೈಮನ್ ಎಂಬ ಲೂಥರನ್ ಪಾದ್ರಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಎಂಬ ಬಡವರ ಕೇರಿಯಲ್ಲಿ ಸೇವೆ ಮಾಡುತ್ತಿದ್ದರು. ಕಷ್ಟದಲ್ಲಿದ್ದವರು ಚರ್ಚಿನ ಬಾಗಿಲಿಗೆ ಬರುತ್ತಲೇ ಇದ್ದರು. ಇಂದು ಒಬ್ಬರಿಗೆ ನೆರವಾದರೆ ನಾಳೆ ಅದೇ ಕಷ್ಟ ಹೊತ್ತು ಇನ್ನೊಬ್ಬರು. ಬಾಗಿಲಲ್ಲಿ ಕೊಡುವುದರ ಜೊತೆಗೆ, ಈ ಕಷ್ಟ ಹುಟ್ಟುವ ಜಾಗಕ್ಕೂ ಹೋಗಬೇಕು ಎಂದು ಅವರಿಗೆ ಅನಿಸಿತು. 1972ರಲ್ಲಿ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಎರಡೂ ಪಂಗಡದ ಕೆಲವರನ್ನು ಕೂಡಿಸಿದರು. 1974ರಲ್ಲಿ ಕೆಲಸ ದೇಶವ್ಯಾಪಿಯಾಯಿತು. ಅದೇ ವರ್ಷ ರೋಮ್‌ನಲ್ಲಿ ವಿಶ್ವ ಆಹಾರ ಸಮ್ಮೇಳನ ನಡೆದು, ಹತ್ತು ವರ್ಷದೊಳಗೆ ಯಾವ ಮಗುವೂ ಹಸಿದು ಮಲಗದಂತೆ ಮಾಡುವ ಗುರಿ ಘೋಷಣೆಯಾಗಿತ್ತು.

ಈ ಸಂಸ್ಥೆ ಅನ್ನ ಹಂಚುವುದಿಲ್ಲ. ನನಗೆ ಮೊದಲು ಇದು ಸೋಜಿಗವೆನಿಸಿತು. ಹಸಿವಿನ ಸಂಸ್ಥೆ, ಆದರೆ ಉಗ್ರಾಣವಿಲ್ಲ, ಒಲೆಯಿಲ್ಲ! ಹಾಗಾದರೆ ಭಕ್ತರು ಹಣ ಯಾಕೆ ಕೊಡಬೇಕು? ನಾವು ದಾಸೋಹಕ್ಕೆ ಜೋಳಿಗೆ ಹಿಡಿದಾಗ ಕೊಟ್ಟವರಿಗೆ ಪಂಕ್ತಿ ತೋರಿಸಬಹುದು: 'ನೋಡಿ, ನಿಮ್ಮ ಅಕ್ಕಿ'. ಅವರು ಏನು ತೋರಿಸಬೇಕು? ಜಾರಿಯಾದ ಒಂದು ಕಾನೂನನ್ನು, ತಪ್ಪಿಹೋದ ಒಂದು ಕಡಿತವನ್ನು ತೋರಿಸಬೇಕು. ಇದಕ್ಕೆ ಹಣ ಕೂಡಿಸುವುದು ಕಷ್ಟ. ಮೇಲಾಗಿ ಅಲ್ಲಿಯ ತೆರಿಗೆ ನಿಯಮದಂತೆ ಶಾಸನಕ್ಕಾಗಿ ಒತ್ತಾಯಿಸುವ ಇಂಥ ಸಂಸ್ಥೆಗೆ ಕೊಟ್ಟ ಕಾಣಿಕೆಗೆ ವಿನಾಯಿತಿ ಸಿಗುವುದಿಲ್ಲ. ಅದಕ್ಕೇ ಅಧ್ಯಯನ ಮತ್ತು ಲೋಕಶಿಕ್ಷಣಕ್ಕೆಂದು ಬೇರೊಂದು ಅಂಗಸಂಸ್ಥೆ ಮಾಡಿ, ಎರಡರ ಲೆಕ್ಕವನ್ನೂ ಬೇರೆಬೇರೆ ಇಟ್ಟರು.

ಅವರ ಪತ್ರಗಳಿಂದ ಏನಾಯಿತು? 1976ರಲ್ಲಿ ಅಮೆರಿಕದ ಸಂಸತ್ತಿನ ಎರಡೂ ಸದನಗಳು ಆಹಾರದ ಹಕ್ಕನ್ನು ಎತ್ತಿಹಿಡಿಯುವ ನಿರ್ಣಯಗಳನ್ನು ಅಂಗೀಕರಿಸಿದವು. ಅದು ಕಟ್ಟುಪಾಡಿನ ಕಾನೂನಲ್ಲ, ನಿರ್ಣಯ ಮಾತ್ರ. ಆದರೂ ಆರಂಭವಾಯಿತು. 1999 ಮತ್ತು 2000ದಲ್ಲಿ ಬಡ ದೇಶಗಳ ಸಾಲ ಮನ್ನಾ ಮಾಡಬೇಕೆಂಬ ಚಳವಳಿ ಜಗತ್ತಿನ ಅನೇಕ ಕಡೆ ನಡೆದಾಗ ಇವರೂ ಕೈಜೋಡಿಸಿದರು. 2000ದಲ್ಲಿ ಅಮೆರಿಕದ ಸಂಸತ್ತು ಅದಕ್ಕಾಗಿ 43.5 ಕೋಟಿ ಡಾಲರ್ ಮಂಜೂರು ಮಾಡಿತು. ಸಾಲದ ಹೊರೆ ಇಳಿದ ದೇಶಗಳಲ್ಲಿ ತಾಂಜಾನಿಯಾ ಒಂದು. ಅದು 2001ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿತು. ಶಾಲೆಗೆ ಬರುವ ಮಕ್ಕಳ ಸಂಖ್ಯೆ ಬಹಳವಾಗಿ ಏರಿತು. ಸೈಮನ್ನರ ನಂತರ ಸಂಸ್ಥೆಯನ್ನು ನಡೆಸಿದ ಡೇವಿಡ್ ಬೆಕ್‌ಮನ್ ಅವರಿಗೆ 2010ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು.

ಎಲ್ಲವೂ ಗೆಲುವಲ್ಲ. ಹತ್ತು ವರ್ಷದಲ್ಲಿ ಮುಗಿಯಬೇಕಿದ್ದ ಹಸಿವು ಐವತ್ತು ವರ್ಷವಾದರೂ ಮುಗಿದಿಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಸುಮಾರು 67 ಕೋಟಿ ಜನ ಹಸಿದಿದ್ದರು. ಕಟ್ಟಿದ್ದು ಬೀಳುವುದೂ ಉಂಟು. ವಿದೇಶಗಳಿಗೆ ನೆರವು ಕೊಡುತ್ತಿದ್ದ ಅಮೆರಿಕದ ಸರ್ಕಾರಿ ಸಂಸ್ಥೆಯನ್ನು 2025ರಲ್ಲಿ ಅಲ್ಲಿನ ಸರ್ಕಾರವೇ ಮುಚ್ಚಿತು. ಪತ್ರ ಬರೆಯುವವರು ಮತ್ತೆ ಬರೆಯಬೇಕಾಯಿತು.

ಆ ಭಾನುವಾರ ಮನೆಗೆ ಬರುವಾಗ ನಾನು ಆ ತಾಯಿಗೆ ನಮ್ಮ ದಾಸೋಹದ ಪರಂಪರೆಯನ್ನು ವಿವರಿಸಿದೆ. ದಾನದಲ್ಲಿ ಕೊಡುವವನ ಕೈ ಮೇಲೆ; ದಾಸೋಹದಲ್ಲಿ ಕೊಡುವವನೇ ದಾಸ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಆ ಹುರುಪಿನಲ್ಲಿ ಮೂರು ಕ್ವಿಂಟಲ್ ಅಕ್ಕಿಯ ಕಥೆಯನ್ನೂ ಹೇಳಿದೆ. ಅವರು ಕೇಳಿದರು, 'ಉಳಿದ ಶಾಲೆಗಳು ಏನು ಮಾಡಿದವು?' ಅವರು ಕೇಳಿದ್ದು ಅಷ್ಟೇ. ನನಗೆ ಉತ್ತರ ಕೊಡಲಾಗಲಿಲ್ಲ.

ಬಂಧುಗಳೇ, ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಏನು ಮಾಡಿದರು? ಮನೆಗೆ ಅಕ್ಕಿ ಬಂತೆಂದು ಸುಮ್ಮನಾಗಲಿಲ್ಲ. ಪ್ರಶ್ನಿಸಿದರು, ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದರು. ದಾಸೋಹದಲ್ಲಿ ಪ್ರಶ್ನೆಗೂ ಸ್ಥಾನವಿದೆ. ಹೆಚ್ಚು ಬಂದಾಗ ಯಾಕೆ ಬಂತು ಎಂದು ಕೇಳಿದವರ ಮಕ್ಕಳು ನಾವು. ಬರಬೇಕಾದದ್ದು ಬಾರದಿದ್ದಾಗ ಯಾಕೆ ಬರಲಿಲ್ಲ ಎಂದು ಕೇಳಬಾರದೆ?

ನಮ್ಮ ನಾಡಿನ ಬಿಸಿಯೂಟವೂ ಹೀಗೆ ಕೇಳಿದ್ದರಿಂದಲೇ ಗಟ್ಟಿಯಾಯಿತು. ಗೋದಾಮುಗಳಲ್ಲಿ ಧಾನ್ಯ ತುಂಬಿದ್ದರೂ ಜನ ಹಸಿದಿದ್ದಾರೆ ಎಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ 2001ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 28ರಂದು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ನ್ಯಾಯಾಲಯ ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲು ಶುರುವಾದ ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರ ಮಾತು ಸರ್ಕಾರಿ ಕಡತ ಸೇರಿತು. 2013ರ ಆಹಾರ ಭದ್ರತಾ ಕಾಯ್ದೆ ಶಾಲೆಯ ಊಟವನ್ನು ಮಗುವಿನ ಹಕ್ಕಾಗಿಸಿತು. ಧಾನ್ಯವಿಲ್ಲದೆಯೋ ಬೇರೆ ಕಾರಣಕ್ಕೋ ಊಟ ನಿಂತರೆ, ಆ ದಿನಗಳ ಆಹಾರ ಭದ್ರತಾ ಭತ್ಯೆಯನ್ನು ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕೊಡಬೇಕೆಂದು 2015ರ ನಿಯಮ ಹೇಳುತ್ತದೆ. ಅಂದರೆ 2016ರಲ್ಲಿ ಈ ನಿಯಮ ಇತ್ತು. ತಾಂಡಾದ ಮಕ್ಕಳ ಪರವಾಗಿ ಅದನ್ನು ಹಿಡಿದು ಕೇಳಬೇಕಿತ್ತು. ನಾನು ಓದಿರಲಿಲ್ಲ.

ಮಠದ ಪಂಕ್ತಿ ನಡೆಯಲಿ. ಇಂದು ಹಸಿದವನಿಗೆ ಕಾನೂನು ಬರುವವರೆಗೆ ಕಾಯಿರಿ ಎನ್ನಲಾಗದು. ನನ್ನ ಬಿನ್ನಹ ಇಷ್ಟೇ: ಜೋಳಿಗೆ ತಿರುಗುವಾಗ ಅಕ್ಕಿಯ ಜೊತೆ ಅದರಲ್ಲಿ ಒಂದು ಪತ್ರವೂ ಬೀಳಲಿ. ಪ್ರತಿ ಊರಿನ ಬಳಗದವರು ತಮ್ಮ ಶಾಲೆಗೂ, ಪಕ್ಕದ ತಾಂಡಾದ ಶಾಲೆಗೂ, ಕೇರಿಯ ಅಂಗನವಾಡಿಗೂ ತಿಂಗಳಿಗೊಮ್ಮೆ ಹೋಗಿಬರಲಿ. ಊಟ ನಿಂತ ದಿನ ಎಷ್ಟು, ಯಾಕೆ ಎಂದು ಕೇಳಿ ಬರೆದುಕೊಳ್ಳಲಿ. ಜಿಲ್ಲೆಯ ಕುಂದುಕೊರತೆ ಅಧಿಕಾರಿಗೆ ಬರೆಯಲಿ. ಉತ್ತರ ಬಾರದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ, ನಮ್ಮ ಶಾಸಕರಿಗೆ ಬರೆಯಲಿ. ಪತ್ರದಲ್ಲಿ ಬೈಗುಳ ಬೇಡ. ದಿನಾಂಕ, ಮಕ್ಕಳ ಸಂಖ್ಯೆ, ನಿಯಮ ಇಷ್ಟಿದ್ದರೆ ಸಾಕು. ಎಲ್ಲ ಸರಿಯಿದ್ದರೆ ಅಡುಗೆಯ ತಾಯಂದಿರಿಗೆ ಶರಣೆಂದು ಹೇಳಿ ಬನ್ನಿ.

ಆ ಇಬ್ಬರು ಹೆಣ್ಣುಮಕ್ಕಳು ಈಗ ದೊಡ್ಡವರಾಗಿರುತ್ತಾರೆ. ಅವರ ಓದನ್ನು ನಾನು ಮರಳಿ ಕೊಡಲಾರೆ. ಮಹಾಮನೆಯ ಬಾಗಿಲ ಬಳಿ ಮೇಜಿನ ಮೇಲೆ ಹಾಳೆ, ಪೆನ್ನು, ಲಕೋಟೆ ಇಟ್ಟಿದ್ದೇನೆ. ಪ್ರಸಾದಕ್ಕೆ ಕೂರುವ ಮುಂಚೆ ಅಲ್ಲಿ ಎರಡು ನಿಮಿಷ ನಿಲ್ಲಿ. ನಿಮ್ಮ ಊರಿನ ಪಕ್ಕದ ಊರು ಯಾವುದು, ಅಲ್ಲಿಯ ಶಾಲೆ ಯಾವುದು, ಅದಷ್ಟನ್ನಾದರೂ ಬರೆದಿಡಿ. ಅಲ್ಲಿಂದ ಶುರುಮಾಡೋಣ.