ಕಸ ಬೇರೆಯಾಗಬೇಕಾದದ್ದು ಅಡುಗೆಮನೆಯಲ್ಲಿ

(ಹಿರಿಯಡ್ಕದಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)

 

ವಿದ್ಯಾರ್ಥಿವೇತನ ಕೊಡುವ ಸಭೆಯಲ್ಲಿ ಕಸದ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮಗೆ ಎರಡು ಕಾರಣಗಳಿವೆ. ಮೊದಲನೆಯದು, ಟ್ರಸ್ಟಿಗೆ ಬರುವ ಅರ್ಜಿಗಳು ಓದಿನವು ಮಾತ್ರವಲ್ಲ, ಚಿಕಿತ್ಸೆಯವೂ ಇವೆ. ಮಕ್ಕಳ ಉಬ್ಬಸ, ಮಳೆಗಾಲದ ಜ್ವರ, ಹೊಟ್ಟೆನೋವುಗಳಿಗೆ ಮನೆಯ ಸುತ್ತಲಿನ ಹೊಗೆ, ನಿಂತ ನೀರು, ಕೆಟ್ಟ ಬಾವಿಯೂ ಕಾರಣವಾಗುತ್ತವೆ. ಎರಡನೆಯದು, ನಮ್ಮ ಊರುಗಳ ಕಸವನ್ನು ಕೈಯಲ್ಲಿ ಮುಟ್ಟಿ ಬದುಕುವವರು ನಮ್ಮ ನಡುವಿನವರೇ. ಅವರ ಮಕ್ಕಳೂ ನಮ್ಮ ವಿದ್ಯಾರ್ಥಿಗಳೇ. ಈ ಎರಡನೆಯ ಮಾತಿಗೆ ಕೊನೆಯಲ್ಲಿ ಬರುತ್ತೇವೆ.

ಹಿರಿಯಡ್ಕದ ಪಕ್ಕದ ಬಜೆಯಲ್ಲಿ ಸ್ವರ್ಣಾ ನದಿಗೆ ಅಣೆಕಟ್ಟು ಇದೆ. ಉಡುಪಿ, ಮಣಿಪಾಲದ ಲಕ್ಷಾಂತರ ಜನ ಕುಡಿಯುವುದು ಅಲ್ಲಿನ ನೀರನ್ನೇ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತೋಡಿನ ಬದಿಯಲ್ಲಿ ಬಿಸಾಡಿದ ಕಸ ಮೊದಲ ಮಳೆಗೇ ಹೊಳೆ ಸೇರುತ್ತದೆ. ಹೊಳೆ ಮುಂದೆ ಸಮುದ್ರ ಸೇರುತ್ತದೆ, ಕಸ ಮೀನುಗಾರರ ಬಲೆಗೆ ಬರುತ್ತದೆ. ನಮ್ಮ ಮುರಕಲ್ಲಿನ ನೆಲವಾದರೂ ನೀರನ್ನು ಬೇಗ ಕೆಳಗಿಳಿಸುತ್ತದೆ. ಅಂಗಳದ ಗುಂಡಿಯ ಕೊಳೆ ಬಾವಿಗೆ ಹೋಗಲು ಹೆಚ್ಚು ದಿನ ಬೇಡ. ಹಾಗಾಗಿ ‘ನಮ್ಮ ಜಾಗ, ನಮ್ಮ ಕಸ’ ಎಂಬ ಮಾತು ಈ ಊರಿನಲ್ಲಿ ನಿಲ್ಲುವುದಿಲ್ಲ.

ಹಳ್ಳಿಗಳಲ್ಲಿ ಆಗಾಗ ಕೇಳುವ ಇನ್ನೊಂದು ಮಾತಿದೆ: ‘ನಮ್ಮಲ್ಲಿ ಕಸವೇ ಇಲ್ಲ, ನಾವು ಸುಡುತ್ತೇವೆ.’ ಹಿಂದಿನ ಕಾಲಕ್ಕೆ ಈ ಮಾತು ಸರಿಯಿತ್ತು. ಆಗ ಸುಡುವುದಕ್ಕೆ ಇದ್ದದ್ದು ತರಗೆಲೆ, ಮಡಲು, ಗೆರಟೆ, ಕಾಗದ. ಬೂದಿಯನ್ನು ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಈಗ ಬಚ್ಚಲಿನ ಹಂಡೆಯ ಒಲೆಗೆ ಬೆಂಕಿ ಹಿಡಿಸಲು ಹಾಲಿನ ಕವರ್, ಬಿಸ್ಕತ್ತಿನ ಪೊಟ್ಟಣ, ಹಳೆಯ ಚಪ್ಪಲಿ ಹೋಗುತ್ತಿವೆ. ಪ್ಲಾಸ್ಟಿಕ್ ಬೇಗ ಹತ್ತಿಕೊಳ್ಳುತ್ತದೆ ನಿಜ. ಆದರೆ ಆ ಒಲೆಯ ಶಾಖದಲ್ಲಿ ಅದು ಪೂರ್ತಿ ಉರಿಯುವುದಿಲ್ಲ. ಕೆಲವು ಬಗೆಯ ಪ್ಲಾಸ್ಟಿಕ್‌ನಿಂದ ಡಯಾಕ್ಸಿನ್‌ನಂಥ ವಿಷವೂ ಹುಟ್ಟುತ್ತದೆ. ಆ ಹೊಗೆಯನ್ನು ಮೊದಲು ಉಸಿರಾಡುವವರು ಒಲೆಯ ಮುಂದೆ ಕೂತ ಮನೆಯ ತಾಯಿ, ಆಮೇಲೆ ಅವರ ಸೆರಗು ಹಿಡಿದು ನಿಂತ ಮಗು. ಹಂಡೆಯ ಒಲೆಗೆ ಗೆರಟೆ, ಸಿಪ್ಪೆ ಸಾಕಷ್ಟಾಯಿತು.

ಇನ್ನು ಕೆಲವರು ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ರಾತ್ರಿ ರಸ್ತೆಯ ತಿರುವಿನಲ್ಲಿ ಇಳಿಸಿ ಹೋಗುತ್ತಾರೆ. ಮರುದಿನ ನಾಯಿ ಅದನ್ನು ಹರಿದು ಹಾಕುತ್ತದೆ, ದನ ಕವರ್ ಸಮೇತ ತಿನ್ನುತ್ತದೆ. ಕಸವನ್ನು ಕಣ್ಣಿಗೆ ಕಾಣದಷ್ಟು ದೂರ ಸಾಗಿಸಿದರೆ ಮುಗಿಯಿತು ಎಂದುಕೊಂಡರೆ ಏನಾಗುತ್ತದೆ ಎಂಬುದನ್ನು ಮಂಗಳೂರಿನ ಪಚ್ಚನಾಡಿ ತೋರಿಸಿದೆ. 2019ರ ಆಗಸ್ಟ್‌ನ ಮಳೆಗೆ ಅಲ್ಲಿನ ಕಸದ ಗುಡ್ಡೆ ಜಾರಿ ಕೆಳಗಿನ ಮಂದಾರದ ಮೇಲೆ ಬಂತು. ತೋಟಗಳೂ ಮನೆಗಳೂ ಕಸದ ಅಡಿಗೆ ಹೋದವು. ತಲೆತಲಾಂತರದಿಂದ ಅಲ್ಲಿ ಬದುಕಿದ್ದ ಕುಟುಂಬಗಳು ಊರು ಬಿಡಬೇಕಾಯಿತು. ಅವರ ತೋಟವನ್ನು ಮುಚ್ಚಿದ್ದು ಅವರು ಮಾಡಿದ ಕಸವಲ್ಲ, ನಗರದ ಸಾವಿರಾರು ಮನೆಗಳಿಂದ ಬಂದ ಕಸ.

ಒಳ್ಳೆಯ ಸುದ್ದಿಯೂ ನಮ್ಮ ಜಿಲ್ಲೆಯಲ್ಲೇ ಇದೆ. ಕುಂದಾಪುರದ ಕಡೆಯ ವಂಡ್ಸೆ ಗ್ರಾಮ ಪಂಚಾಯತ್ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆಯ ಕೆಲಸವನ್ನು ಬೇಗನೆ ಕೈಗೆತ್ತಿಕೊಂಡಿತು. ಮನೆಮನೆಯಿಂದ ಹಸಿ, ಒಣ ಕಸವನ್ನು ಬೇರೆಬೇರೆಯಾಗಿ ತಂದು, ಒಣದನ್ನು ವಿಂಗಡಿಸಿ ಮಾರುವುದನ್ನೂ ಹಸಿಯನ್ನು ಗೊಬ್ಬರ ಮಾಡುವುದನ್ನೂ ಅಲ್ಲಿ ನೋಡಿ ಕಲಿಯಲು ಬೇರೆ ಪಂಚಾಯತ್‌ಗಳವರು ಹೋದರು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ವಿಂಗಡಿಸುವ ಸಾಮರ್ಥ್ಯದ ಘಟಕವಿದೆ. ಸುತ್ತಲಿನ ತಾಲೂಕುಗಳ ಅನೇಕ ಪಂಚಾಯತ್‌ಗಳ ಒಣಕಸ ಅಲ್ಲಿಗೆ ಹೋಗುತ್ತದೆ. ಬಗೆಬಗೆಯ ಪ್ಲಾಸ್ಟಿಕ್, ರಟ್ಟು, ಗಾಜು, ಲೋಹವನ್ನು ಬೇರ್ಪಡಿಸಿ, ಒತ್ತಿ ಕಟ್ಟು ಕಟ್ಟಿ ಮರುಬಳಕೆಗೆ ಕಳಿಸುತ್ತಾರೆ. ಪಂಚಾಯತ್ ಮಟ್ಟದಲ್ಲಿ ‘ಸ್ವಚ್ಛ ವಾಹಿನಿ’ ಗಾಡಿ ಮನೆ ಬಾಗಿಲಿಗೆ ಬರುತ್ತದೆ. ಅನೇಕ ಕಡೆ ಅದನ್ನು ಓಡಿಸುವವರೂ ಕಸ ವಿಂಗಡಿಸುವವರೂ ಸಂಜೀವಿನಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ.

ಅಂದರೆ ಗಾಡಿ ಇದೆ, ಶೆಡ್ ಇದೆ, ಯಂತ್ರ ಇದೆ. ಇಲ್ಲದಿರುವುದು ಒಂದೇ. ಮೀನಿನ ನೀರು, ಸಾರು, ಮಗುವಿನ ಡಯಾಪರ್, ಒಡೆದ ಗಾಜು, ರಟ್ಟು ಎಲ್ಲ ಒಂದೇ ಚೀಲದಲ್ಲಿ ಬಂದರೆ ಯಾವ ಯಂತ್ರವೂ ಅದನ್ನು ಸರಿಮಾಡಲಾರದು. ನೆನೆದ ರಟ್ಟಿಗೆ ಬೆಲೆಯಿಲ್ಲ. ಗಾಜು ಬೆರೆತ ಅನ್ನ ಗೊಬ್ಬರವಾಗುವುದಿಲ್ಲ. ಬೆರೆತ ಕಸವನ್ನು ಬೇರೆ ಮಾಡುವ ಕೆಲಸ ಮತ್ತೆ ಒಬ್ಬ ತಾಯಿಯ ಕೈಗೇ ಬೀಳುತ್ತದೆ. ಕಸ ಬೇರೆಯಾಗಬೇಕಾದದ್ದು ನಮ್ಮ ಕೈಯಿಂದ ಅದು ಬಿಡುವ ಆ ಒಂದು ಕ್ಷಣದಲ್ಲಿ, ಅಡುಗೆಮನೆಯಲ್ಲಿ. ಈ ಭಾಷಣದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ.

ಮಾಡುವುದು ಹೇಗೆ? ತರಕಾರಿ ಸಿಪ್ಪೆ, ಉಳಿದ ಅನ್ನ, ಚಹಾ ಪುಡಿ, ಮೀನಿನ ಹುರುಪೆ ಮನೆ ದಾಟಿ ಹೋಗಬೇಕಾಗಿಯೇ ಇಲ್ಲ. ತೆಂಗಿನ ಬುಡ ಇದ್ದವರಿಗೆ ಅಲ್ಲೇ ಗುಂಡಿ. ಮೀನು, ಮಾಂಸದ ತುಂಡನ್ನು ಸ್ವಲ್ಪ ಆಳಕ್ಕೆ ಹಾಕಿ ಮಣ್ಣು ಮುಚ್ಚಿದರೆ ನಾಯಿ ಕೆದಕುವುದಿಲ್ಲ. ಮಳೆಗಾಲದಲ್ಲಿ ಗುಂಡಿಗೆ ನೀರು ತುಂಬುತ್ತದೆ. ಆಗ ತಳಕ್ಕೂ ಬದಿಗೂ ತೂತು ಮಾಡಿದ ಡ್ರಮ್ ಒಂದನ್ನು ಸೂರಿನಡಿ ಇಟ್ಟು, ಒಂದು ಪದರ ಹಸಿಕಸ, ಒಂದು ಪದರ ಒಣ ತರಗೆಲೆ ಹಾಕುತ್ತಾ ಹೋಗಿ. ವಾಸನೆ ಬಂದರೆ ತರಗೆಲೆ ಕಡಿಮೆಯಾಯಿತು ಎಂದು ತಿಳಿಯಿರಿ. ಅದಕ್ಕಾಗಿ ಎಪ್ರಿಲ್, ಮೇ ತಿಂಗಳಲ್ಲೇ ಎರಡು ಗೋಣಿ ತರಗೆಲೆ ಕಟ್ಟಿಡಿ. ನಮ್ಮ ಅಜ್ಜಿಯಂದಿರು ಹಟ್ಟಿಗೆಂದು ಹೀಗೇ ಕೂಡಿಡುತ್ತಿದ್ದರು.

ಒಣಕಸಕ್ಕೆ ಒಂದು ಗೋಣಿ ಸಾಕು. ಹಾಲಿನ ಕವರನ್ನು ತೊಳೆದು ಒಣಗಿಸಿ ಹಾಕಿ. ದಿನಕ್ಕೆ ಎರಡು ಕವರ್ ಎಂದರೂ ಒಂದು ಮನೆಯಿಂದ ವರ್ಷಕ್ಕೆ 730. ಕವರಿನ ಮೂಲೆ ಕತ್ತರಿಸುವಾಗ ತುಂಡನ್ನು ಪೂರ್ತಿ ಬೇರೆ ಮಾಡಬೇಡಿ, ಆ ಚಿಕ್ಕ ತುಂಡು ಯಾರ ಕೈಗೂ ಸಿಗುವುದಿಲ್ಲ. ಡಯಾಪರ್, ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ. ಬ್ಯಾಟರಿ, ಟ್ಯೂಬ್‌ಲೈಟ್, ಅವಧಿ ಮುಗಿದ ಮಾತ್ರೆಗಳಿಗೆ ಒಂದು ಹಳೆಯ ಡಬ್ಬಿ ಇರಲಿ. ಟ್ಯೂಬ್‌ಲೈಟ್‌ನೊಳಗೆ ಪಾದರಸವಿದೆ, ಒಡೆಯಬೇಡಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ‘ಗಾಜು’ ಎಂದು ಬರೆದು ಕೊಡಿ. ಶಾಲೆಗೆ ಹೋಗುವ ಮಕ್ಕಳು ಬರೆಯಲಿ.

ಸಮಾರಂಭಗಳ ಬಗ್ಗೆ ಒಂದು ಮಾತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಮೂಲದಲ್ಲೇ ಹಸಿ, ಒಣ, ಅಪಾಯಕಾರಿ ಎಂದು ವಿಂಗಡಿಸಬೇಕೆಂದೂ ಬಯಲಲ್ಲಿ ಸುಡಬಾರದೆಂದೂ ಹೇಳಿದ್ದವು. ಪರವಾನಗಿ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಮಾಡುವುದಾದರೆ ಕನಿಷ್ಠ 3 ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸವನ್ನು ವಿಂಗಡಿಸಿಯೇ ಒಪ್ಪಿಸಬೇಕು ಎಂದೂ ಅದರಲ್ಲಿತ್ತು. ಮನೆಯಂಗಳದ ನಿಕಾಹ್, ಮೈದಾನದ ಇಫ್ತಾರ್ ಕೂಟಗಳಿಗೂ ಇದು ಅನ್ವಯವಾಗುತ್ತಿತ್ತು. ಸ್ಟೀಲ್ ಲೋಟ, ತಟ್ಟೆ ಬಾಡಿಗೆಗೆ ಸಿಗುತ್ತವೆ. ಉಳಿದ ಅನ್ನಕ್ಕೂ ಎಲುಬಿಗೂ ಒಂದು ಡ್ರಮ್, ನೀರಿನ ಬಾಟಲಿಗೆ ಇನ್ನೊಂದು ಎಂದು ಊಟಕ್ಕೆ ಮೊದಲೇ ಇಟ್ಟರೆ ಆಮೇಲೆ ಯಾರೂ ಬಗ್ಗಿ ಹೆಕ್ಕಬೇಕಾಗಿಲ್ಲ. ಬಕ್ರೀದ್‌ಗೆ ಮುಂಚಿನ ದಿನವೇ ಬಾವಿಯಿಂದಲೂ ತೋಡಿನಿಂದಲೂ ದೂರ ಆಳದ ಗುಂಡಿ ತೋಡಿಡಿ. ಒಂದೊಂದು ಮನೆಗೆ ಕಷ್ಟವಾದರೆ ನಾಲ್ಕು ಮನೆಗೆ ಒಂದು. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದೂ ದಾನವೆಂದು ಮದ್ರಸದ ಚಿಕ್ಕ ಮಕ್ಕಳೂ ಕಲಿಯುತ್ತಾರೆ. ಅಂಥದ್ದನ್ನು ದಾರಿಗೆ ಹಾಕದಿರುವುದು ಅದಕ್ಕೂ ಮೊದಲಿನ ಪಾಠ.

ಈಗ ಮೊದಲು ಹೇಳಿದ ಎರಡನೆಯ ಕಾರಣಕ್ಕೆ ಬರೋಣ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಪೋಷಕರ ಉದ್ಯೋಗ’ ಎಂಬ ಸಾಲಿದೆ. ಗುಜರಿ ಹೆಕ್ಕುವವರ ಮಕ್ಕಳು ಅಲ್ಲಿ ‘ವ್ಯಾಪಾರ’ ಎಂದು ಬರೆಯುತ್ತಾರೆ, ಕಸದ ಗಾಡಿಯಲ್ಲಿ ದುಡಿಯುವ ತಾಯಿಯ ಮಗಳು ‘ಕೂಲಿ’ ಎಂದು ಬರೆಯುತ್ತಾಳೆ. ಮಕ್ಕಳೇ, ಇದ್ದದ್ದನ್ನು ಹಾಗೆಯೇ ಬರೆಯಿರಿ. ಮರುಬಳಕೆ ಎಂಬ ದೊಡ್ಡ ಮಾತು ಹುಟ್ಟುವ ಎಷ್ಟೋ ಮೊದಲಿನಿಂದ ನಿಮ್ಮ ಅಪ್ಪಂದಿರು ತಲೆಯ ಮೇಲೆ, ಸೈಕಲ್ ಮೇಲೆ ಆ ಕೆಲಸ ಮಾಡುತ್ತಿದ್ದಾರೆ. ತಗ್ಗಬೇಕಾದ ತಲೆ ಅವರದಲ್ಲ. ಗಾಜು ಬೆರೆಸಿದ ಚೀಲವನ್ನು ಅವರ ಕೈಗೆ ಕೊಡುವ ಅಭ್ಯಾಸ ತಪ್ಪಬೇಕು.

ಕಸ ವಿಂಗಡಿಸುವ ಮನೆಗೆ ಮಾತ್ರ ವಿದ್ಯಾರ್ಥಿವೇತನ ಎಂದು ಷರತ್ತು ಹಾಕಿ ಎಂದು ಕೆಲವು ಹಿತೈಷಿಗಳು ಸಲಹೆ ಕೊಟ್ಟಿದ್ದರು. ನಾವು ಅದನ್ನು ಒಪ್ಪಲಿಲ್ಲ. ಕಡಿಮೆ ಕೊಳ್ಳುವ ಮನೆಯಲ್ಲಿ ಕಸವೂ ಕಡಿಮೆ. ದೊಡ್ಡ ಮನೆ, ದೊಡ್ಡ ಊಟ, ಗಲ್ಫಿನಿಂದ ಬರುವ ದೊಡ್ಡ ಪೆಟ್ಟಿಗೆಗಳ ಕಸ ಹೆಚ್ಚು. ನೆರವು ಪಡೆಯುವವರಿಗೆ ಷರತ್ತು, ಕೊಡುವವರಿಗೆ ವಿನಾಯಿತಿ ಎಂಬುದು ನ್ಯಾಯವಲ್ಲ. ಹಾಗಾಗಿ ನಮ್ಮ ಕೋರಿಕೆ ಮೊದಲು ದಾನಿಗಳಿಗೆ: ನಿಮ್ಮ ಮನೆಯ ಮುಂದಿನ ಸಮಾರಂಭ ಗಾಡಿಯವರಿಗೆ ಬೆರೆತ ಚೀಲ ಕೊಡದ ಸಮಾರಂಭವಾಗಲಿ. ಊರಲ್ಲಿ ಬೀಗ ಹಾಕದ, ತಂದೆ-ತಾಯಿ ಇರುವ ಮನೆಗೆ ಫೋನ್ ಮಾಡಿದಾಗ ಹಂಡೆಯ ಒಲೆಗೆ ಏನು ಹಾಕುತ್ತಿದ್ದೀರಿ ಎಂದೂ ಕೇಳಿ. ಪಂಚಾಯತಿನ ತಿಂಗಳ ಕಸದ ಶುಲ್ಕವನ್ನು ಚರ್ಚೆಯಿಲ್ಲದೆ ಕೊಡಿ; ಅದು ಒಬ್ಬ ತಾಯಿಯ ಸಂಬಳಕ್ಕೆ ಸೇರುವ ಹಣ. ಆಮೇಲೆ ವಿದ್ಯಾರ್ಥಿಗಳ ಮನೆಯವರಲ್ಲಿ ಒಂದು ಕೋರಿಕೆ: ಈ ವಾರವೇ ಒಂದು ಗೋಣಿ, ಒಂದು ಡ್ರಮ್, ಒಂದು ಡಬ್ಬಿ ಇಡಿ. ಇದು ಷರತ್ತಲ್ಲ, ನೆರೆಹೊರೆಯವರಾಗಿ ಕೇಳುತ್ತಿರುವುದು.

ಮುಂದಿನ ಸಾಲಿನ ಅರ್ಜಿ ನಮೂನೆಗಳು ಎಂದಿನಂತೆ ಕಚೇರಿಯಲ್ಲಿ ಸಿಗುತ್ತವೆ. ‘ಪೋಷಕರ ಉದ್ಯೋಗ’ದ ಸಾಲಿನಲ್ಲಿ ಏನೇ ಬರೆದಿದ್ದರೂ ಅರ್ಜಿಯನ್ನು ಒಂದೇ ಗೌರವದಿಂದ ನೋಡಲಾಗುತ್ತದೆ.