ಮನೆಯ ಕಾಗದಪತ್ರಗಳು

ಮನೆಯಲ್ಲಿರುವ ಕಾಗದಗಳನ್ನು ಅಣಿಗೊಳಿಸುವುದೂ ಒಂದು ಭಾಷಣದ ವಿಷಯವೇ ಎಂದು ಶ್ರೋತೃಗಳಲ್ಲಿ ಕೆಲವರಾದರೂ ನಗಬಹುದು. ಬೀದರ ಸೀಮೆಯವರಾದ ನಾವು ಮಾತ್ರ ನಗಲಾರೆವು. ಬಹಮನೀ ರಾಜ್ಯದ ಮಹಾಮಂತ್ರಿ ಮಹಮೂದ್ ಗವಾನನು 1481ರಲ್ಲಿ ಪ್ರಾಣ ನೀಗಿದ್ದು ಒಂದು ಕಾಗದದ ದೆಸೆಯಿಂದ. ಅವನ ಮುದ್ರೆಯನ್ನು ಕಾಯುತ್ತಿದ್ದವನನ್ನು ವೈರಿಗಳು ಒಲಿಸಿಕೊಂಡು, ಬರಿಯ ಕಾಗದದ ಮೇಲೆ ಮುದ್ರೆಯೊತ್ತಿಸಿ, ಆಮೇಲೆ ಅದರಲ್ಲಿ ರಾಜದ್ರೋಹದ ಒಕ್ಕಣೆಯನ್ನು ತುಂಬಿದರೆಂದು ಇತಿಹಾಸಕಾರ ಫೆರಿಸ್ತಾ ಹೇಳುತ್ತಾನೆ. ಮುದ್ರೆ ನನ್ನದು, ಬರಹ ನನ್ನದಲ್ಲ ಎಂಬ ಮಂತ್ರಿಯ ಮಾತು ಸುಲ್ತಾನನ ಮುಂದೆ ನಡೆಯಲಿಲ್ಲ. ಅಷ್ಟು ದೊಡ್ಡವನ ಗತಿಯೇ ಹೀಗಾದ ಮೇಲೆ, ರುಜು ಹಾಕಿದ ಖಾಲಿ ಕಾಗದವನ್ನು ಕಪಾಟಿನಲ್ಲಿ ಮರೆತಿರುವ ನಮ್ಮಂಥವರ ಪಾಡೇನು?

ಆದರೂ ಸಾಮಾನ್ಯ ಗೃಹಸ್ಥನಿಗೆ ವೈರಿಗಳಿಂದಾಗುವ ಹಾನಿಗಿಂತ ತನ್ನ ಅಚ್ಚುಕಟ್ಟುತನದಿಂದಲೇ ಆಗುವ ಹಾನಿ ಹೆಚ್ಚು. ಇದನ್ನು ನಾವು ಅನುಭವದಿಂದ ಕಲಿತೆವು. ಕಮಠಾಣದ ನಮ್ಮ ಹಿರಿಯರ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಇದ್ದಿತು. ಒಂದು ದೀಪಾವಳಿಯ ಮುನ್ನ ಬೀದರದಿಂದ ಹೋದ ನಾವು ಅದನ್ನು ಕೆಳಗಿಳಿಸಿ ಶುಚಿಮಾಡಲು ಕುಳಿತೆವು. ಮೇಲೆ ವಿದ್ಯುದ್ದೀಪದ ರಸೀದಿಗಳು, ಮದುವೆಯ ಕರೆಯೋಲೆಗಳು. ಅಡಿಯಲ್ಲಿ ಉರ್ದುವಿನ ನಕಲುಗಳು ಹಾಗೂ ಮೋಡಿ ಅಕ್ಷರದ ಹಾಳೆಗಳು. ಓದಲು ಬಂದುದನ್ನೆಲ್ಲ ಜೋಡಿಸಿಟ್ಟೆವು. ಓದಲು ಬಾರದುದನ್ನು ರದ್ದಿಗೆ ಹಾಕಿದೆವು. ಪೆಟ್ಟಿಗೆ ಅರ್ಧ ಬರಿದಾಯಿತೆಂದು ಹಿಗ್ಗಿದುದೂ ಉಂಟು.

ಮರುವರ್ಷ ಬಾವಿಯ ನೀರಿನ ಸರದಿಯ ವಿಷಯದಲ್ಲಿ ದಾಯಾದಿಗಳೊಡನೆ ಮಾತು ಬಂದಿತು. ಹೊಲದ ಖಾಸ್ರಾ ಪಹಣಿಯ ನಕಲನ್ನು ತಾಲ್ಲೂಕು ಕಚೇರಿಯಿಂದ ಮತ್ತೆ ತಂದೆವು. ಆದರೆ ಬಾವಿಯ ಪಾಲನ್ನು ಬರೆದಿಟ್ಟಿದ್ದ ಮೋಡಿಯ ಪಾಲುಪಟ್ಟಿಯನ್ನು ಯಾವ ಕಚೇರಿಯೂ ಕೊಡಲಾರದು. ಅದು ಜಗತ್ತಿನಲ್ಲಿ ಒಂದೇ ಇದ್ದಿತು. ಇಪ್ಪತ್ತು ವರ್ಷದ ದೀಪದ ರಸೀದಿಗಳು ಮಾತ್ರ ಇಂದಿಗೂ ನಮ್ಮಲ್ಲಿ ಭದ್ರವಾಗಿವೆ. ಎರಡು ಮನೆಗಳ ನಡುವೆ ಹಬ್ಬದ ಹೋಳಿಗೆ ಹೋಗಿಬರುವುದು ಅಂದಿನಿಂದ ನಿಂತಿದೆ.

ಈ ತೊಡಕು ನಮ್ಮ ಸೀಮೆಗೆ ವಿಶೇಷವಾದುದು. 1948ರವರೆಗೆ ಇದು ನಿಜಾಮರ ಸಂಸ್ಥಾನ. ಕಚೇರಿಯ ಭಾಷೆ ಉರ್ದು. ಮರಾಠಿಯ ಲೆಕ್ಕಪತ್ರಗಳಿಗೆ ಮೋಡಿ. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ. ಹೀಗೆ ಅಜ್ಜನ ಕಾಗದವನ್ನು ಮೊಮ್ಮಗನು ಓದಲಾರನು. ಭಾಲ್ಕಿಯಲ್ಲಿಯೂ ಔರಾದದಲ್ಲಿಯೂ ಇದೇ ಕಥೆ. ತಾರೀಖು ಸಹ ಫಸಲಿಯಲ್ಲಿರುತ್ತದೆ. ಫಸಲಿ ವರ್ಷಕ್ಕೆ 590ನ್ನು ಕೂಡಿದರೆ ಅದು ಆರಂಭವಾದ ಇಸವಿ ಹೆಚ್ಚುಕಡಮೆ ದೊರೆಯುತ್ತದೆ: 1364ನೆಯ ಫಸಲಿ ಎಂದರೆ 1954–55.

ಆದುದರಿಂದ ಕಾಗದವನ್ನು ಹಳೆಯದು ಹೊಸದು ಎಂದಾಗಲಿ, ಓದಬಲ್ಲುದು ಓದಲಾರದುದು ಎಂದಾಗಲಿ ವಿಂಗಡಿಸಬಾರದು. ಕೇಳಬೇಕಾದ ಪ್ರಶ್ನೆ ಒಂದೇ: ಇದು ಕಳೆದರೆ ಮತ್ತೆ ದೊರೆಯುವುದೇ? ಕೈಬರಹದ ಪಾಲುಪಟ್ಟಿ, ಸಾಲ ತೀರಿಸಿದ ಚೀಟಿ, ಹಿರಿಯರ ಪತ್ರಗಳು ಮರಳಿ ದೊರೆಯವು. ಇವು ಮೊದಲನೆಯ ಕಟ್ಟು. ನೋಂದಾಯಿಸಿದ ಕ್ರಯಪತ್ರಕ್ಕೆ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲುಂಟು, ಪಹಣಿಗೆ ತಾಲ್ಲೂಕು ಕಚೇರಿಯುಂಟು. ಆದರೂ ಅಲೆದಾಟ ತಪ್ಪದು. ಇವು ಎರಡನೆಯ ಕಟ್ಟು. ಹಣ ಸಂದು ತಕರಾರಿನ ಕಾಲ ಕಳೆದ ಬಿಲ್ಲುಗಳು, ಕರೆಯೋಲೆಗಳು ಮೂರನೆಯವು. ಇವನ್ನು ವರ್ಷಕ್ಕೊಮ್ಮೆ ನಿಶ್ಚಿಂತೆಯಿಂದ ಕಳೆಯಬಹುದು. ಮನೆಯನ್ನು ತುಂಬುವವು ಇವೇ ಆದುದರಿಂದ, ಜಾಗ ತಾನಾಗಿಯೇ ಬಿಡುವಾಗುತ್ತದೆ.

ಮೊದಲ ಕಟ್ಟಿನ ಒಂದೊಂದು ಹಾಳೆಗೂ ಬೇರೆ ಚೀಟಿಯನ್ನಿರಿಸಿ, ಇದು ಏನು, ಯಾವ ಹೊಲದ್ದು, ಯಾವ ವರ್ಷದ್ದು ಎಂದು ಕನ್ನಡದಲ್ಲಿ ಬರೆಯಿರಿ; ಮೂಲದ ಮೇಲೆ ಏನನ್ನೂ ಗೀಚಬೇಡಿ. ತುಕ್ಕು ಹಿಡಿಯುವ ಗುಂಡುಸೂಜಿಯನ್ನು ತೆಗೆಯಿರಿ. ಪ್ಲಾಸ್ಟಿಕ್ ಹಾಳೆಯಲ್ಲಿ ಬೇಯಿಸಿ ಅಂಟಿಸುವುದು ಬೇಡ. ಅದನ್ನು ಬಿಡಿಸಲು ಹೋದರೆ ಕಾಗದವೇ ಹರಿದೀತು. ಛಾಯಾಚಿತ್ರ ತೆಗೆದಿಡುವುದು ಒಳ್ಳೆಯದು, ಆದರೆ ಅದು ಮೂಲಕ್ಕೆ ಸಮನಲ್ಲ. ರುಜುವಿರುವ ಖಾಲಿ ಕಾಗದ ಕಂಡರೆ ಆ ಕ್ಷಣವೇ ಹರಿದುಹಾಕಿರಿ; ಗವಾನನನ್ನು ನೆನೆಯಿರಿ.

ಇದೆಲ್ಲಕ್ಕೂ ಮುಂಚಿನ ಕೆಲಸವೊಂದಿದೆ. ಉರ್ದುವನ್ನೋ ಮೋಡಿಯನ್ನೋ ಓದಬಲ್ಲ ಹಿರಿಯರು ನಿಮ್ಮ ಓಣಿಯಲ್ಲಿ ಇನ್ನೂ ಒಬ್ಬಿಬ್ಬರಿರಬಹುದು. ಪೆಟ್ಟಿಗೆಯನ್ನು ಅವರಲ್ಲಿಗೆ ಈ ವಾರವೇ ಒಯ್ಯಿರಿ. ಕಾಗದವು ಇನ್ನೂ ಹತ್ತು ಮಳೆಗಾಲ ತಾಳೀತು. ಅವರು ತಾಳುವರೆಂದು ಹೇಳಲಾಗದು. ನಾವು ಒಯ್ಯಲಿಲ್ಲ.